ಮೃತರ ಹೆಸರಿನಲ್ಲಿ ಆಡಿದ ಮಾತು

ಸತ್ತವರು ಎಲ್ಲಿಗೆ ಹೋದರೆಂಬ ಪ್ರಶ್ನೆಯನ್ನು ಕೇಳದ ಜನಾಂಗ ಭೂಮಿಯ ಮೇಲಿಲ್ಲ; ಆದರೆ ಅದನ್ನು ಕೇಳುವವನು ಜಿಜ್ಞಾಸುವಾಗಿರುವುದಕ್ಕಿಂತ ಶೋಕಾರ್ತನಾಗಿರುವುದೇ ಹೆಚ್ಚು. ವಿದ್ವತ್ಸಭೆಯಲ್ಲಿ ಆತ್ಮದ ನಿತ್ಯತ್ವವನ್ನು ಕುರಿತು ವಾದಿಸುವಾತನು ಒಂದು ಸಿದ್ಧಾಂತ ದೊರೆತರೆ ತೃಪ್ತನಾದಾನು. ಮಗನನ್ನು ಮಣ್ಣಿಗಿಟ್ಟು ಬರಿಗೈಯಲ್ಲಿ ಮನೆಗೆ ಮರಳಿದ ತಾಯಿಗೆ ಜಗತ್ತಿನ ಸಿದ್ಧಾಂತಗಳೆಲ್ಲವೂ ಸೇರಿದರೂ ಆ ಮಗನ ಒಂದು ಮಾತಿಗೆ ಸಮನಾಗಲಾರವು. ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಆ ಒಂದು ಮಾತನ್ನು ತಂದುಕೊಡುವೆವೆಂದು ಮುಂದೆ ಬಂದ ಆವಾಹಕರೂ ಆವಾಹಕಿಯರೂ, ಅಲ್ಲಿಯವರು ಮೀಡಿಯಂಗಳೆಂದು ಕರೆಯುತ್ತಿದ್ದವರು, ಊರೂರಿನಲ್ಲಿಯೂ ಇದ್ದರು. ಅವರಲ್ಲಿ ಅನೇಕರು ವಂಚಕರೆಂಬುದು ಅವರ ಜೀವಿತಕಾಲದಲ್ಲಿಯೇ ಸಿದ್ಧವಾಯಿತು. ವಂಚನೆ ತಪ್ಪೆಂಬುದಕ್ಕೆ ಪ್ರಬಂಧ ಬೇಕಿಲ್ಲ. ಆದರೆ ಅವರ ಪರವಾಗಿ ಅಂದೂ ಇಂದೂ ಸಜ್ಜನರ ಬಾಯಲ್ಲಿಯೇ ಕೇಳಿಬರುವ ಒಂದು ಮಾತುಂಟು: ಅಳುವವರ ಕಣ್ಣೀರು ಒರಸಿತಲ್ಲ, ಒರಸಿದ ಬಟ್ಟೆ ಯಾವುದಾದರೇನು ಎಂದು. ಆ ಮಾತಿನ ಹಿಂದಿರುವ ಕರುಣೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಮಾತನ್ನು ಒಪ್ಪಲೂ ಆರೆ. ಏಕೆಂದರೆ ಅಲ್ಲಿ ಅನ್ಯಾಯಕ್ಕೊಳಗಾದವರು ಅಳುತ್ತ ಕುಳಿತವರು ಮಾತ್ರವಲ್ಲವೆಂದು ನನಗೆ ತೋರುತ್ತದೆ.

ಮೃತರೊಡನೆ ಮಾತನಾಡಬಹುದೆಂಬ ಈ ಪಂಥದ ಉಗಮವನ್ನು ಎಲ್ಲರೂ 1848ರ ಮಾರ್ಚ್ 31ಕ್ಕೆ ಕೊಂಡೊಯ್ಯುತ್ತಾರೆ. ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್ ಎಂಬ ಹಳ್ಳಿಯ ಫಾಕ್ಸ್ ಎಂಬ ಮನೆತನದ ಇಬ್ಬರು ಬಾಲಿಕೆಯರು, ಮಾರ್ಗರೆಟ್ ಮತ್ತು ಕೇಟ್, ಗೋಡೆ ನೆಲಗಳಲ್ಲಿ ಕೇಳಿಬಂದ ಟಕಟಕ ಸದ್ದಿನ ಮೂಲಕ ಒಂದು ಪ್ರೇತದೊಡನೆ ಸಂಭಾಷಿಸಿದರೆಂದು ಪ್ರಸಿದ್ಧಿಯಾಯಿತು. ನಲವತ್ತು ವರ್ಷಗಳ ಅನಂತರ, 1888ರ ಅಕ್ಟೋಬರಿನಲ್ಲಿ, ಅದೇ ಮಾರ್ಗರೆಟ್ ನ್ಯೂಯಾರ್ಕ್ ನಗರದ ದೊಡ್ಡ ಸಂಗೀತಶಾಲೆಯೊಂದರ ವೇದಿಕೆಯ ಮೇಲೆ ನಿಂತು, ಆ ಸದ್ದು ತನ್ನ ಕಾಲ್ಬೆರಳಿನ ಗಂಟುಗಳಿಂದ ಹೊರಡುತ್ತಿದ್ದುದೆಂದು ಒಪ್ಪಿಕೊಂಡು, ನೆರೆದವರ ಮುಂದೆ ಸದ್ದನ್ನು ಮಾಡಿಯೂ ತೋರಿಸಿದಳು. ಮರುವರ್ಷ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಳು. ಅಷ್ಟರಲ್ಲಿ ಪಂಥವು ಆ ಸೋದರಿಯರ ಸತ್ಯಾಸತ್ಯಗಳ ಹಂಗಿಲ್ಲದೆ ಬೆಳೆದುನಿಂತಿದ್ದಿತು. 1893ರಲ್ಲಿ ಷಿಕಾಗೋ ನಗರದಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೇ ಸ್ಥಾಪಿತವಾಯಿತು. ಮುಂದೆ ಮಹಾಯುದ್ಧ ಬಂದಿತು, ಅದರ ಬೆನ್ನಿಗೇ 1918ರ ಇನ್‌ಫ್ಲುಯೆಂಜಾ ಬಂದಿತು. ಯುದ್ಧದಲ್ಲಿ ಸುಮಾರು 1,16,000 ಅಮೆರಿಕನ್ನರೂ ಜ್ವರದಲ್ಲಿ ಸುಮಾರು 6,75,000 ಮಂದಿಯೂ ಮಡಿದರೆಂದು ಲೆಕ್ಕ. ಈ ಮೃತರಲ್ಲಿ ಬಹುಮಂದಿ ಮುದುಕರಲ್ಲ; ಇಪ್ಪತ್ತು ಮೂವತ್ತರ ಹರೆಯದವರು, ಹೇಳಬೇಕಾದುದನ್ನು ಹೇಳದೆ, ಕೇಳಬೇಕಾದುದನ್ನು ಕೇಳಿಸಿಕೊಳ್ಳದೆ ಹೋದವರು. ಇಂಗ್ಲೆಂಡಿನ ಸುಪ್ರಸಿದ್ಧ ಕಥೆಗಾರ ಆರ್ಥರ್ ಕಾನನ್ ಡಾಯ್ಲ್, ತಾನೂ ಆ ವರ್ಷ ಮಗನನ್ನು ಕಳೆದುಕೊಂಡವನು, 1922ರಲ್ಲಿ ಅಮೆರಿಕಕ್ಕೆ ಬಂದು ಪರಲೋಕದ ವಾರ್ತೆಯನ್ನು ಕುರಿತು ಉಪನ್ಯಾಸ ಮಾಡಿದಾಗ, ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕಿಕ್ಕಿರಿದು ತುಂಬಿತೆಂಬುದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ.

ಆವಾಹನಾಗೋಷ್ಠಿಯ ಕೋಣೆಯಲ್ಲಿ ಏನು ನಡೆಯುತ್ತಿದ್ದಿತು? ದೀಪವನ್ನು ಆರಿಸುವರು, ಬೆಳಕು ಪ್ರೇತಗಳಿಗೆ ಸಹಿಸದೆಂಬುದು ನಿಯಮ. ಮೂಲೆಯೊಂದಕ್ಕೆ ಕಪ್ಪು ಪರದೆ ಬಿಟ್ಟು ಅದನ್ನು ಪ್ರೇತದ ಆವರಣವೆನ್ನುವರು. ಬಂದವರು ಮೇಜಿನ ಸುತ್ತ ಒಬ್ಬರ ಕೈಯನ್ನೊಬ್ಬರು ಹಿಡಿದು ಕುಳಿತುಕೊಳ್ಳುವರು. ಆವಾಹಕಿಯ ಎರಡು ಕೈಗಳನ್ನೂ ಎರಡು ಪಕ್ಕದವರು ಹಿಡಿದಿರುವರಾದುದರಿಂದ ಆಕೆ ಕೈಚಳಕ ತೋರುವಂತಿಲ್ಲವೆಂದು ಎಲ್ಲರಿಗೂ ನಂಬಿಕೆ. ಆಮೇಲೆ ತಗಡಿನ ತುತ್ತೂರಿಯೊಂದು ಗಾಳಿಯಲ್ಲಿ ತೇಲಿ ಕಿವಿಯ ಬಳಿ ಪಿಸುಗುಟ್ಟುವುದು, ಗಂಟೆ ಬಾರಿಸುವುದು, ತಣ್ಣನೆಯ ಕೈಯೊಂದು ಕೆನ್ನೆಯನ್ನು ಸವರುವುದು. ಹಿಡಿದ ಕೈ ಹೇಗೆ ಬಿಡುಗಡೆಯಾಗುತ್ತಿದ್ದಿತೆಂಬುದನ್ನು ಬಲ್ಲವರು ಅಂದೇ ವಿವರಿಸಿದ್ದಾರೆ. ಮೈ ನಡುಗಿಸುವ ನೆಪದಲ್ಲಿ ಆವಾಹಕಿಯು ತನ್ನ ಎರಡು ಕೈಗಳನ್ನೂ ಮೆಲ್ಲಮೆಲ್ಲನೆ ಹತ್ತಿರ ತಂದು, ಕೊನೆಗೆ ಒಂದೇ ಕೈಯನ್ನು ಎಡಗಡೆಯವನೂ ಬಲಗಡೆಯವನೂ ಮುಟ್ಟಿಕೊಂಡಿರುವಂತೆ ಮಾಡುವಳು; ಕತ್ತಲಲ್ಲಿ ತಾನು ಹಿಡಿದಿರುವುದು ಬೇರೊಂದು ಕೈಯೆಂದೇ ಇಬ್ಬರೂ ತಿಳಿದಿರುವರು; ಉಳಿದ ಕೈ ಪ್ರೇತದ ಕೆಲಸಕ್ಕೆ ತೆರವಾಗುವುದು. ನೇಪಲ್ಸಿನಿಂದ 1909ರಲ್ಲಿ ಅಮೆರಿಕಕ್ಕೆ ಬಂದ ಯೂಸೇಪಿಯ ಪಲ್ಲಾಡಿನೋ ಎಂಬಾಕೆ ಈ ವಿದ್ಯೆಯಲ್ಲಿ ಅದ್ವಿತೀಯಳು. ಆ ವರ್ಷದ ಡಿಸೆಂಬರಿನಲ್ಲಿ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಆಕೆಯ ಪಕ್ಕದಲ್ಲಿ ಕುಳಿತಿದ್ದ ಗೋಷ್ಠಿಯಲ್ಲಿ, ನೆಲದ ಮೇಲೆ ತೆವಳಿಕೊಂಡು ಬಂದಿದ್ದ ಒಬ್ಬನು ಪರದೆಯ ಬಳಿ ಚಲಿಸುತ್ತಿದ್ದುದೊಂದನ್ನು ಫಕ್ಕನೆ ಹಿಡಿದಾಗ, ಅದು ಪಾದರಕ್ಷೆಯಿಂದ ಕಳಚಿಕೊಂಡು ಹಿಂದಕ್ಕೆ ಚಾಚಿದ್ದ ಆಕೆಯ ಹಿಮ್ಮಡಿಯಾಗಿದ್ದಿತು, ಆಕೆ ಚೀರಿಕೊಂಡಳು.

ಕೈಕಾಲುಗಳ ಈ ಚಮತ್ಕಾರಕ್ಕಿಂತ ನನಗೆ ಹೆಚ್ಚು ಕ್ರೂರವಾಗಿ ಕಾಣುವುದು ಸಮಾಚಾರದ ವ್ಯಾಪಾರ. ಒಮಾಹಾ ನಗರದ ಡೇವಿಡ್ ಅಬ್ಬಟ್ ಎಂಬ ಇಂದ್ರಜಾಲ ಬಲ್ಲಾತನು 1907ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಕಾಲದ ಆವಾಹಕರ ಒಳಮರ್ಮಗಳನ್ನು ಬಿಡಿಸಿ ಹೇಳಿದನು. ಬಂದವರು ಚೀಟಿಯಲ್ಲಿ ಸತ್ತವರ ಹೆಸರನ್ನೂ ಒಂದು ಪ್ರಶ್ನೆಯನ್ನೂ ಬರೆದು ಮಡಿಸಿಕೊಡುವರು; ಆವಾಹಕನು ಮಡಿಸಿದ ಚೀಟಿಯನ್ನು ಹಣೆಗೊತ್ತಿಕೊಂಡು ಅದರೊಳಗಿನದನ್ನು ಹೇಳುವನು. ಅವನು ಮೊದಲು ಹೇಳುವುದು ಯಾವುದೋ ಉಪಾಯದಿಂದ ಮುಂಚೆಯೇ ಓದಿಕೊಂಡ ಒಂದು ಚೀಟಿಯ ವಿಷಯ. ಹೇಳಿ ಮುಗಿಸಿ, ಸರಿಯಾಯಿತೇ ನೋಡುವೆನೆಂದು ಕೈಯಲ್ಲಿದ್ದ ಚೀಟಿಯನ್ನು ಬಿಚ್ಚಿ ನೋಡುವಾಗ ಅವನು ಓದುವುದು ಮುಂದಿನವರ ಚೀಟಿಯನ್ನು. ಹೀಗೆ ಸದಾ ಒಂದು ಚೀಟಿಯಷ್ಟು ಮುಂದಿರುವ ಅವನಿಗೆ ಸಭೆಯೆಲ್ಲವೂ ತೆರೆದ ಪುಸ್ತಕವಾಗುವುದು. ಅಷ್ಟೇ ಅಲ್ಲದೆ, ಯಾವ ಊರಿನಲ್ಲಿ ಯಾರು ಗೋಷ್ಠಿಗಳಿಗೆ ಬರುವರು, ಅವರ ಮನೆಯಲ್ಲಿ ಸತ್ತವರಾರು, ಯಾವ ರೋಗದಿಂದ, ಯಾವ ಹೆಸರು ಕೇಳಿದರೆ ಅವರ ಕಣ್ಣು ತುಂಬುವುದು ಎಂಬಿವೇ ಮೊದಲಾದ ವಿವರಗಳನ್ನು ಬರೆದಿಟ್ಟುಕೊಂಡು ಆವಾಹಕರು ತಮ್ಮೊಳಗೇ ಪರಸ್ಪರ ಹಂಚಿಕೊಳ್ಳುತ್ತಿದ್ದರು. ಒಬ್ಬ ವಿಧವೆಯು ಒಂದು ಊರಿನಲ್ಲಿ ಬಿಕ್ಕುತ್ತ ಹೇಳಿದ ಗಂಡನ ಮುದ್ದಿನ ಮಾತು ಮತ್ತೊಂದು ಊರಿನಲ್ಲಿ ಆಕೆಗೇ ಗಂಡನ ಪ್ರೇತದ ಮಾತಾಗಿ ಹಿಂದಿರುಗುತ್ತಿದ್ದಿತು, ಅದೂ ಹಣ ತೆಗೆದುಕೊಂಡು.

ಇವರನ್ನು ವಂಚಕರೆಂದು ತಳ್ಳಿಹಾಕುವುದು ಸುಲಭ. ಕಷ್ಟವಾಗುವುದು ವಂಚಕರಲ್ಲದವರು ಅದೇ ಕೆಲಸವನ್ನು ಮಾಡಿದಾಗ. ಅದಕ್ಕೆ 1922ರ ಜೂನ್ ತಿಂಗಳಿನಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ಕಡಲತೀರದ ಪಟ್ಟಣದಲ್ಲಿ ನಡೆದ ಘಟನೆಗಿಂತ ಉತ್ತಮವಾದ ದೃಷ್ಟಾಂತವನ್ನು ನಾನರಿಯೆ. ಬೇಡಿ ಬೀಗಗಳಿಂದ ಬಿಡಿಸಿಕೊಳ್ಳುವ ವಿದ್ಯೆಯಲ್ಲಿ ಜಗದ್ವಿಖ್ಯಾತನಾಗಿದ್ದ ಹ್ಯಾರಿ ಹೂಡಿನಿಯು ಬುಡಾಪೆಸ್ಟಿನಲ್ಲಿ ಹುಟ್ಟಿ ಶೈಶವದಲ್ಲಿಯೇ ಅಮೆರಿಕಕ್ಕೆ ಬಂದವನು; ಯೆಹೂದಿ ಧರ್ಮಗುರುವೊಬ್ಬನ ಮಗ. ಅವನ ತಾಯಿ ಸಿಸಿಲಿಯ 1913ರ ಜುಲೈ ತಿಂಗಳಿನಲ್ಲಿ, ಅವನು ಯೂರೋಪಿನಲ್ಲಿದ್ದಾಗ, ತೀರಿಕೊಂಡಳು. ಆ ಮಗನ ಮಾತೃಭಕ್ತಿ ಸಾಮಾನ್ಯವಾದುದಲ್ಲ. ತಾಯಿಯ ಕೊನೆಯ ಮಾತನ್ನು ಕೇಳಲಾಗಲಿಲ್ಲವೆಂಬ ಕೊರಗು ಅವನನ್ನು ಆಜೀವಪರ್ಯಂತ ಬಿಡಲಿಲ್ಲ. ಕಾನನ್ ಡಾಯ್ಲ್ ಅವನ ಸ್ನೇಹಿತ. ಡಾಯ್ಲನ ಪತ್ನಿಗೆ ಪ್ರೇತಗಳ ಪ್ರೇರಣೆಯಿಂದ ಕೈ ತಾನಾಗಿ ಬರೆಯುವ ಶಕ್ತಿಯುಂಟೆಂದು ಆ ದಂಪತಿಗಳು ನಂಬಿದ್ದರು. ಹೋಟೆಲಿನ ಕೋಣೆಯಲ್ಲಿ ತೆರೆಗಳನ್ನು ಎಳೆದು ಮೂವರೂ ಕುಳಿತರು. ಆಕೆಯ ಕೈ ಕಂಪಿಸಿತು, ಮೇಜನ್ನು ಬಡಿಯಿತು, ಮೊದಲ ಹಾಳೆಯ ನೆತ್ತಿಯ ಮೇಲೆ ಒಂದು ಶಿಲುಬೆಯನ್ನು ಗೀಚಿತು. ಆಮೇಲೆ ಪುಟದ ಮೇಲೆ ಪುಟವಾಗಿ, ಒಟ್ಟು 15 ಪುಟಗಳನ್ನು, ಇಂಗ್ಲಿಷಿನಲ್ಲಿ ಬರೆಯಿತು. ತಾಯಿ ಮಗನನ್ನು ಹರಸಿದ್ದಳು, ತಾನು ಸುಖವಾಗಿರುವೆನೆಂದಿದ್ದಳು, ಈ ದಂಪತಿಗಳಿಗೆ ಕೃತಜ್ಞತೆಯನ್ನು ಸಲ್ಲಿಸಿದ್ದಳು. ಹೂಡಿನಿ ಬಿಳಿಚಿದ ಮುಖದಿಂದ ಹಾಳೆಗಳನ್ನು ಓದಿದನು, ಆ ಕ್ಷಣದಲ್ಲಿ ಏನನ್ನೂ ಹೇಳಲಿಲ್ಲ. ಅವನು ಏನನ್ನು ಕಂಡನೆಂಬುದು ಮುಂದೆ ಅವನೇ ಹೇಳಿದ ಮೇಲೆ ತಿಳಿಯಿತು. ಅವನ ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ; ಧರ್ಮಗುರುವಿನ ಮಡದಿಯಾದ ಯೆಹೂದಿ ಹೆಂಗಸು ಶಿಲುಬೆಯನ್ನು ಬರೆದು ಮಗನಿಗೆ ಕಾಗದವನ್ನು ಆರಂಭಿಸುವುದು ಊಹಿಸಲೂ ಆಗದ ಮಾತು; ಅಂದು ಆಕೆಯ ಜನ್ಮದಿನವಾಗಿದ್ದರೂ ಅದರ ಪ್ರಸ್ತಾಪವೇ ಆ ಪುಟಗಳಲ್ಲಿರಲಿಲ್ಲ. ಡಾಯ್ಲ್ ಇದಕ್ಕೆ ಸಮಾಧಾನ ಹೇಳಿದನು: ಶಿಲುಬೆಯನ್ನು ತನ್ನ ಪತ್ನಿ ಎಂದೂ ಹಾಗೆ ಮೊದಲಿಗೆ ಬರೆಯುವಳೆಂದೂ, ಭಾವವು ಪ್ರೇತದ್ದಾದರೂ ಭಾಷೆಯು ಬರೆಯುವವರ ಮನಸ್ಸಿನ ಮೂಲಕ ಬರುವುದೆಂದೂ. ಆ ಸ್ನೇಹ ಅಲ್ಲಿಂದ ಮುರಿಯುತ್ತ ಬಂದಿತು.

ಡಾಯ್ಲನ ಪತ್ನಿ ಮೋಸಗಾತಿಯಲ್ಲ. ಹಣವನ್ನಾಗಲಿ ಕೀರ್ತಿಯನ್ನಾಗಲಿ ಬಯಸಿ ಆಕೆ ಬರೆಯಲಿಲ್ಲ. ದುಃಖಿತನಾದ ಮಿತ್ರನಿಗೆ ಸಮಾಧಾನ ದೊರೆಯಲೆಂಬ ಸದಿಚ್ಛೆಯಿಂದ ಬರೆದಳು. ಹಾಗಾದರೆ ಆ ಹಾಳೆಗಳಲ್ಲಿ ಕೆಡುಕಾದರೂ ಏನು? ನಮ್ಮ ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಎಣಿಸುವಾಗ ಅದು ಆಪ್ತನ ವಾಕ್ಯವಾಗಿರಬೇಕೆಂದು ವಿಧಿಸಿದರು. ವಸ್ತುವನ್ನು ಇದ್ದಂತೆ ಅರಿತಿರುವುದು, ಅರಿತಂತೆ ತಿಳಿಸುವ ಇಚ್ಛೆಯುಳ್ಳವನಾಗಿರುವುದು, ಈ ಎರಡೂ ಕೂಡಿದಾಗ ಮಾತ್ರ ಒಬ್ಬನು ಆಪ್ತನೆನಿಸುವನು. ಅಬ್ಬಟ್ ವರ್ಣಿಸಿದ ಚೀಟಿ ಓದುವವನಲ್ಲಿ ಎರಡೂ ಇಲ್ಲ. ಅಟ್ಲಾಂಟಿಕ್ ಸಿಟಿಯ ಸಾಧ್ವಿಯಲ್ಲಿ ಇಚ್ಛೆ ನಿರ್ಮಲವಾಗಿದ್ದಿತು, ಅರಿವಿರಲಿಲ್ಲ. ಆಕೆ ಸಿಸಿಲಿಯಳನ್ನು ಎಂದೂ ಕಂಡವಳಲ್ಲ. ಇಬ್ಬರಿಗೂ ನೀತಿಯಲ್ಲಿರುವ ಅಂತರ ಅಜಗಜಾಂತರವೇ ಸರಿ. ಆದರೆ ಮೃತಳಾದ ಆ ತಾಯಿಯ ಪಾಲಿಗೆ ಫಲದಲ್ಲಿ ಭೇದವಿಲ್ಲ. ಆಕೆಗೊಂದು ನುಡಿಯಿದ್ದಿತು, ಅದನ್ನು ತೆಗೆದರು. ಒಂದು ಶ್ರದ್ಧೆಯಿದ್ದಿತು, ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟರು. ಮಗನೊಡನೆ ಆಕೆಗೆ ಮಾತ್ರವೇ ಇದ್ದ ಸಲಿಗೆಯ ರೀತಿಯಿದ್ದಿತು, ಅದರ ಸ್ಥಾನದಲ್ಲಿ ಯಾವ ತಾಯಿ ಯಾವ ಮಗನಿಗಾದರೂ ಹೇಳಬಹುದಾದ ಹಿತವಚನಗಳನ್ನು ತುಂಬಿದರು. ನಾವು ಪ್ರೀತಿಸಿದ ವ್ಯಕ್ತಿ ನಮಗಿಂತ ಬೇರೆಯಾದವನು. ನಾವು ಬಯಸಿದ್ದನ್ನು ಹೇಳದಿರಲು ಅವನಿಗೆ ಸ್ವಾತಂತ್ರ್ಯವಿದ್ದಿತು. ಸಿಟ್ಟಾಗಲು, ಮೌನವಾಗಿರಲು, ನಮ್ಮ ಮಾತನ್ನು ಅಲ್ಲವೆನ್ನಲು ಅಧಿಕಾರವಿದ್ದಿತು. ಸತ್ತಮೇಲೆ ಆ ಸ್ವಾತಂತ್ರ್ಯವನ್ನು ಅವನು ತಾನೇ ಕಾಪಾಡಿಕೊಳ್ಳಲಾರ. ಅದನ್ನು ಕಾಯುವ ಹೊಣೆ ಅವನನ್ನು ನೆನೆಯುವವರದು. ಕತ್ತಲಕೋಣೆಯ ಪ್ರೇತವು ಸಾಮಾನ್ಯವಾಗಿ ತನ್ನವರಿಗೆ ಎದುರಾಡುತ್ತಿರಲಿಲ್ಲ, ಅವರನ್ನು ಗದರುತ್ತಿರಲಿಲ್ಲ. ಎಲ್ಲವೂ ಸುಖ, ಎಲ್ಲವೂ ಕ್ಷಮೆ. ಆ ಸಾಂತ್ವನವನ್ನು ಸ್ವೀಕರಿಸಿದವನು ತನ್ನ ಮೃತನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಾನೆ, ಕಳೆದುಕೊಂಡೆನೆಂಬುದನ್ನೂ ಅರಿಯದೆ. ಕಣ್ಣೀರನ್ನು ಒರಸಿತಲ್ಲ ಎಂಬ ವಾದವನ್ನು ನಾನು ಒಪ್ಪಲಾರದುದು ಇದಕ್ಕಾಗಿ.

ಬಾಸ್ಟನ್ ನಗರದ ಲೈಮ್ ಬೀದಿಯ 10ನೆಯ ನಂಬರಿನ ಮನೆಯಲ್ಲಿ ನಡೆದುದು ಇದಕ್ಕಿಂತ ಜಟಿಲವಾದ ಕಥೆ. ಅಲ್ಲಿ ಗೌರವಸ್ಥ ಶಸ್ತ್ರವೈದ್ಯನಾದ ಕ್ರಾಂಡನ್ ಎಂಬಾತನ ಪತ್ನಿ ಮೀನಾ, ಲೋಕವು ಮಾರ್ಜರಿ ಎಂಬ ಹೆಸರಿನಿಂದ ಅರಿತವಳು, 1923ರಿಂದ ಗೋಷ್ಠಿಗಳನ್ನು ನಡೆಸತೊಡಗಿದಳು. ಆಕೆಯ ಮೂಲಕ ಬರುತ್ತಿದ್ದವನು 1911ರಲ್ಲಿ ರೈಲಿನ ಅಪಘಾತದಲ್ಲಿ ಸತ್ತ ಆಕೆಯ ಅಣ್ಣ ವಾಲ್ಟರ್. ಆಕೆ ಯಾರಿಂದಲೂ ಹಣ ಕೇಳಲಿಲ್ಲ. ಆಗ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯು, ಪರೀಕ್ಷೆಗೆ ನಿಂತು ಪ್ರೇತದ ಛಾಯಾಚಿತ್ರವನ್ನು ತೋರಿಸಿದವರಿಗೆ 2,500 ಡಾಲರುಗಳನ್ನೂ ಭೌತಿಕವಾದ ಪ್ರಭಾವವನ್ನು ತೋರಿಸಿದವರಿಗೆ ಅಷ್ಟನ್ನೇ ಕೊಡುವುದಾಗಿ ಘೋಷಿಸಿ, ವಿದ್ವಾಂಸರ ಸಮಿತಿಯೊಂದನ್ನು ನೇಮಿಸಿದ್ದಿತು. ಹೂಡಿನಿಯೂ ಅದರಲ್ಲಿ ಒಬ್ಬ. 1924ರ ಜುಲೈ ತಿಂಗಳಿನಲ್ಲಿ ಅವನು ಮಾರ್ಜರಿಯ ಪಕ್ಕದಲ್ಲಿ ಕುಳಿತನು. ಅದಕ್ಕೆ ಮುಂಚೆ ದಿನವಿಡೀ ತನ್ನ ಬಲಗಾಲಿನ ಮೀನಖಂಡಕ್ಕೆ ರಬ್ಬರಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದನು. ಸಂಜೆ ಅದನ್ನು ಬಿಚ್ಚಿದಾಗ ಆ ಭಾಗದ ಚರ್ಮವು ಊದಿ, ಎಳೆಯೊಂದು ತಾಗಿದರೂ ನೋಯುವಷ್ಟು ಸೂಕ್ಷ್ಮವಾಗಿದ್ದಿತು. ಪ್ರೇತವು ಬಾರಿಸಬೇಕಾಗಿದ್ದ ಗಂಟೆಯ ಪೆಟ್ಟಿಗೆ ಅವನ ಕಾಲುಗಳ ನಡುವೆ ಇದ್ದಿತು. ಕತ್ತಲಲ್ಲಿ ಆಕೆಯ ಕಾಲು ಅಂಗುಲಾಂಗುಲವಾಗಿ ತನ್ನ ಕಾಲನ್ನು ಸವರಿಕೊಂಡು ಪೆಟ್ಟಿಗೆಯ ಕಡೆಗೆ ಜರುಗುವುದನ್ನು ಅವನ ಆ ನೊಂದ ಚರ್ಮವು ಅರಿತುಕೊಂಡಿತು, ಗಂಟೆ ಬಾರಿಸಿತು. 1925ರ ಫೆಬ್ರವರಿಯಲ್ಲಿ ಸಮಿತಿಯು ಬಹುಮಾನವನ್ನು ನಿರಾಕರಿಸಿತು. ಹೂಡಿನಿಯ ನಡತೆಯೂ ಆರೋಪಗಳಿಂದ ಮುಕ್ತವಾಗಿರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು: ಆಗಸ್ಟ್ ತಿಂಗಳಿನ ಗೋಷ್ಠಿಯಲ್ಲಿ ಮಾರ್ಜರಿಯನ್ನು ಕೂರಿಸಿದ್ದ ಪೆಟ್ಟಿಗೆಯೊಳಗೆ ಮಡಿಸುವ ಅಳತೆಗೋಲೊಂದು ಸಿಕ್ಕಿದಾಗ, ಅದನ್ನು ಆಕೆಯೇ ತಂದಳೆಂದು ಅವನೂ, ಅವನ ಸಹಾಯಕನೇ ಒಳಗಿಟ್ಟನೆಂದು ಆಕೆಯ ಕಡೆಯವರೂ ದೂರಿದರು. ಸುಳ್ಳನ್ನು ಬಯಲಿಗೆಳೆಯಲು ಹೊರಟವನ ಕೈ ಇತರರ ಕೈಗಿಂತಲೂ ಶುಚಿಯಾಗಿರಬೇಕು. ಸಂಶಯಕ್ಕೆ ಎಡೆಯಾದುದೇ ಒಂದು ನಷ್ಟ.

ಆದರೂ ಕೊನೆಯ ಸಾಕ್ಷ್ಯ ಹೂಡಿನಿ ಸತ್ತು ಆರು ವರ್ಷಗಳಾದ ಮೇಲೆ ಹೊರಬಿದ್ದಿತು. ವಾಲ್ಟರನು ತಾನು ಬಂದುದಕ್ಕೆ ಗುರುತಾಗಿ, ಬಿಸಿನೀರಿನಲ್ಲಿ ಮೆದುಮಾಡಿದ ದಂತವೈದ್ಯರ ಮೇಣದಲ್ಲಿ ತನ್ನ ಹೆಬ್ಬೆರಳನ್ನು ಒತ್ತಿ ಹೋಗುತ್ತಿದ್ದನೆಂದು ಪ್ರತೀತಿ. ಅನುಯಾಯಿಗಳಿಗೆ ಅದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇರೆ ಇರಲಿಲ್ಲ. 1932ರಲ್ಲಿ ಡಡ್ಲಿ ಎಂಬ ಸಂಶೋಧಕನು ಆ ಮನೆಗೆ ಬಂದುಹೋಗುವವರೆಲ್ಲರ ಬೆರಳಚ್ಚುಗಳನ್ನೂ ಕಲೆಹಾಕಿ ಹೋಲಿಸಿ ನೋಡಿದಾಗ, ಆ ಹೆಬ್ಬೆರಳು ಬಾಸ್ಟನಿನಲ್ಲಿಯೇ ಜೀವಿಸಿದ್ದ ಮಾರ್ಜರಿಯ ದಂತವೈದ್ಯನದಾಗಿದ್ದಿತು. ಮೇಣವನ್ನು ಉಪಯೋಗಿಸುವ ಬಗೆಯನ್ನು ತೋರಿಸಲು ಆತನು ಹಿಂದೊಮ್ಮೆ ತನ್ನ ಬೆರಳನ್ನೇ ಒತ್ತಿ ಕೊಟ್ಟಿದ್ದನು. ತಂಗಿಯೊಬ್ಬಳು ಸತ್ತ ಅಣ್ಣನ ಗುರುತೆಂದು ಬದುಕಿರುವ ಪರಕೀಯನ ಹೆಬ್ಬೆರಳನ್ನು ಲೋಕಕ್ಕೆ ತೋರಿಸಿದಳು. ಆ ಹೊತ್ತಿಗೆ ವಾಲ್ಟರನೆಂಬ ಯುವಕ, ನಿಜವಾಗಿ ಹುಟ್ಟಿ ದುಡಿದು ಸತ್ತವನು, ಎಲ್ಲಿ ಉಳಿದಿದ್ದನು? ಅವನ ಹೆಸರನ್ನು ಕೇಳಿದವರೆಲ್ಲರೂ ನೆನೆಯುತ್ತಿದ್ದುದು ಕತ್ತಲಲ್ಲಿ ಶಿಳ್ಳೆ ಹಾಕಿ ಬೈಯುವ ಒಂದು ದನಿಯನ್ನು.

ಇಷ್ಟು ಹೇಳಿದುದರಿಂದ, ಸತ್ತವರು ಎಲ್ಲಿಗೆ ಹೋದರೆಂಬ ಪ್ರಶ್ನೆಯನ್ನು ಕೇಳಿದುದೇ ದೋಷವೆಂದು ನನ್ನ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ನಚಿಕೇತನು ಯಮನನ್ನು ಕೇಳಿದುದು ಇದೇ ಪ್ರಶ್ನೆಯನ್ನು. ಯಮನು ಬೇರೆ ವರವನ್ನು ಬೇಡೆಂದು ಒಡ್ಡಿ ಪರೀಕ್ಷಿಸಿದನಲ್ಲದೆ, ಕೇಳಬಾರದುದನ್ನು ಕೇಳಿದೆಯೆಂದು ಹುಡುಗನನ್ನು ಹೊರಗಟ್ಟಲಿಲ್ಲ. ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಯೋಗ್ಯವಾದ ರೀತಿಯಲ್ಲಿ ಕೇಳಿದವರಲ್ಲಿ ತತ್ತ್ವಜ್ಞನಾದ ವಿಲಿಯಂ ಜೇಮ್ಸನು ಅಗ್ರಗಣ್ಯನು. 1885ರಲ್ಲಿ ಅವನ ಎಳೆಯ ಕೂಸೊಂದು ತೀರಿಕೊಂಡಿತು. ಆ ವರ್ಷವೇ ಅವನು ಬಾಸ್ಟನಿನ ಪೈಪರ್ ಎಂಬ ಗೃಹಿಣಿಯ ಗೋಷ್ಠಿಗಳಿಗೆ ಹೋಗತೊಡಗಿದನು. ಆಕೆಯನ್ನು ಅನೇಕ ವರ್ಷ ಪರೀಕ್ಷಿಸಿದವನು ರಿಚರ್ಡ್ ಹಾಡ್ಗ್‌ಸನ್. ಈತನ ಹೆಸರು ನಮ್ಮ ಕಡೆಗೂ ಸಂಬಂಧಿಸಿದುದು: 1884ರ ಕೊನೆಯಲ್ಲಿ ಇಂಥ ಅತೀಂದ್ರಿಯ ವಿಷಯಗಳನ್ನು ಪರೀಕ್ಷಿಸುತ್ತಿದ್ದ ಲಂಡನಿನ ಸಂಶೋಧಕ ಸಂಘದ ಪರವಾಗಿ ಮದರಾಸಿನ ಅಡಯಾರಿಗೆ ಬಂದು, ಥಿಯಾಸಾಫಿಕಲ್ ಸೊಸೈಟಿಯ ಸ್ಥಾಪಕರಲ್ಲೊಬ್ಬಳಾದ ಮೇಡಂ ಬ್ಲವಾಟ್ಸ್ಕಿಯ ಅದ್ಭುತಗಳನ್ನೂ ಮಹಾತ್ಮರ ಪತ್ರಗಳನ್ನೂ ಪರಿಶೀಲಿಸಿ, ಅವು ಕೃತ್ರಿಮವೆಂದು ವರದಿ ಮಾಡಿದವನು ಇವನೇ. ಆ ವರದಿಯನ್ನು ಒಪ್ಪದವರು ಉಂಟು. ಆದರೆ ಇವನು ಸುಲಭವಾಗಿ ನಂಬುವವನಲ್ಲವೆಂಬುದು ನಿರ್ವಿವಾದ. ಪೈಪರಳ ಮನೆಯವರ ಹಿಂದೆ ಗುಪ್ತಚಾರರನ್ನು ಬಿಟ್ಟು ನೋಡಿ, ಆಕೆ ಸಮಾಚಾರ ಸಂಗ್ರಹಿಸುತ್ತಿಲ್ಲವೆಂದು ಕಂಡುಕೊಂಡಮೇಲೆಯೇ ಅವನು ಮುಂದಿನ ಮಾತಿಗೆ ಬಂದನು. 1905ರ ಡಿಸೆಂಬರಿನಲ್ಲಿ ಹಾಡ್ಗ್‌ಸನ್ ಸತ್ತನು. ಬೇಗನೆ ಪೈಪರಳ ಮೂಲಕ ಅವನ ಮಾತೂ ಬರತೊಡಗಿತು. ಅದನ್ನು ಪರೀಕ್ಷಿಸುವ ಭಾರ ಜೇಮ್ಸನ ಮೇಲೆ ಬಿದ್ದಿತು. ಗೆಳೆಯನ ಸ್ವಭಾವ, ಹಾಸ್ಯ, ನೆನಪುಗಳು, ಆತುರ, ಇವೆಲ್ಲವನ್ನೂ ಬಲ್ಲ ಆ ವೃದ್ಧನು, ಬಂದ ಮಾತುಗಳ ರಾಶಿಯನ್ನು ವರ್ಷಗಟ್ಟಲೆ ಎದುರಿಗಿಟ್ಟುಕೊಂಡು, ಇದು ಅವನೇ ಹೌದೇ ಎಂದು ತೂಗಿನೋಡಿ, 1909ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೀರ್ಪನ್ನು ಕೊಡದೆ ಬಿಟ್ಟನು. ಇಪ್ಪತ್ತೈದು ವರ್ಷ ಈ ವಿಷಯವನ್ನು ಹಿಂಬಾಲಿಸಿದ ಮೇಲೆ, ಸಿದ್ಧಾಂತದ ದೃಷ್ಟಿಯಿಂದ ತಾನು ಹೊರಟಲ್ಲಿಯೇ ಇರುವೆನೆಂದು ಅದೇ ವರ್ಷ ಬರೆದನು. ಸ್ನೇಹಿತನು ಮರಳಿ ಬಂದಿದ್ದಾನೆಂದು ನಂಬಲು ಅವನಿಗೆ ಆಸೆಯಿರಲಿಲ್ಲವೇ? ಇದ್ದಿತು. ಆದರೆ ಹಾಡ್ಗ್‌ಸನನು ಹಾಡ್ಗ್‌ಸನನೇ ಆಗಿರಬೇಕೆಂಬ ನಿಷ್ಠೆ ಆ ಆಸೆಗಿಂತ ದೊಡ್ಡದಾಗಿದ್ದಿತು. ಮೃತರನ್ನು ಕುರಿತು ಬದುಕಿರುವವರು ತೋರಬಹುದಾದ ಗೌರವ ಇದಕ್ಕಿಂತ ಹೆಚ್ಚಿನದುಂಟೆಂದು ನನಗೆ ಅನ್ನಿಸುವುದಿಲ್ಲ.

ರಾಜ್ಯವು ಈ ವಿಷಯದಲ್ಲಿ ಏನು ಮಾಡಬಲ್ಲುದು? 1926ರಲ್ಲಿ, ರಾಜಧಾನಿಯಾದ ವಾಷಿಂಗ್ಟನಿನಲ್ಲಿ ಹಣಕ್ಕಾಗಿ ಭವಿಷ್ಯ ಹೇಳುವುದನ್ನು ನಿಷೇಧಿಸುವ ಮಸೂದೆಯೊಂದನ್ನು ಕುರಿತು ಕಾಂಗ್ರೆಸ್ಸಿನ ಸಮಿತಿಯ ಮುಂದೆ ವಿಚಾರಣೆ ನಡೆಯಿತು. ಹೂಡಿನಿ ಮಸೂದೆಯ ಪರವಾಗಿ ನಿಂತು, ನಿಜವಾದ ಶಕ್ತಿಯನ್ನು ತೋರಿಸಿದವರಿಗೆ 10,000 ಡಾಲರುಗಳನ್ನು ಕೊಡುವೆನೆಂದನು. ಎದುರು ಪಕ್ಷದವರು ಇದು ತಮ್ಮ ಧರ್ಮವೆಂದೂ, ಧರ್ಮಕ್ಕೆ ಸಂವಿಧಾನದ ರಕ್ಷೆಯುಂಟೆಂದೂ ವಾದಿಸಿದರು. ಮಸೂದೆ ಶಾಸನವಾಗಲಿಲ್ಲ. ಅವರ ವಾದ ಪೊಳ್ಳೆಂದು ನಾನು ಹೇಳಲಾರೆ. 1944ರಲ್ಲಿ, ಧರ್ಮದ ಹೆಸರಿನಲ್ಲಿ ಜನರನ್ನು ವಂಚಿಸಿದರೆಂಬ ಆರೋಪಕ್ಕೊಳಗಾಗಿದ್ದ ಬಲ್ಲಾರ್ಡ್ ಮನೆತನದವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಧಾರ್ಮಿಕ ವಿಶ್ವಾಸವು ಸತ್ಯವೇ ಅಸತ್ಯವೇ ಎಂಬುದನ್ನು ನ್ಯಾಯದರ್ಶಿಗಳು ತೀರ್ಮಾನಿಸತಕ್ಕದ್ದಲ್ಲವೆಂದೂ, ಹೇಳಿದವನು ಅದನ್ನು ತಾನು ನಂಬಿದ್ದನೇ ಎಂಬುದನ್ನು ಮಾತ್ರ ವಿಚಾರಿಸಬಹುದೆಂದೂ ನಿರ್ಣಯಿಸಿತು. ವಿವೇಕವುಳ್ಳ ನಿರ್ಣಯವದು, ನ್ಯಾಯಾಧೀಶನ ಕೈಗೆ ದೇವರನ್ನು ಒಪ್ಪಿಸಲಾಗದು. ಆದರೆ ಆ ನಿರ್ಣಯವು ಕಾಪಾಡುವುದು ಬದುಕಿರುವವರ ಅಂತಃಕರಣವನ್ನು. ಯಾರ ಹೆಸರಿನಲ್ಲಿ ಮಾತು ಹೊರಟಿತೋ ಆತನು ಯಾವ ನ್ಯಾಯಾಲಯದಲ್ಲಿಯೂ ವಾದಿಯಾಗಿ ನಿಲ್ಲಲಾರ.

ಆ ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ಸಾಕ್ಷ್ಯ ಹೇಳಿದವರಲ್ಲಿ ಹೂಡಿನಿಯ ಗುಪ್ತ ಸಹಾಯಕಿ ರೋಸ್ ಮ್ಯಾಕೆನ್‌ಬರ್ಗ್ ಎಂಬಾಕೆ ಇದ್ದಳು. ಆಕೆ ಹೂಡಿನಿ ಹೋಗುವ ಊರಿಗೆ ಮುಂಚಿತವಾಗಿ ಹೋಗಿ, ಒಮ್ಮೆ ಹಳ್ಳಿಯ ಉಪಾಧ್ಯಾಯಿನಿಯಂತೆ, ಒಮ್ಮೆ ವಿಧವೆಯಂತೆ ವೇಷ ಧರಿಸಿ, ಆ ಊರಿನ ಆವಾಹಕರ ಮುಂದೆ ಕುಳಿತು ಕೇಳಿಬರುತ್ತಿದ್ದಳು. ಕೆಲವು ಕಡೆ ಹಣ ಕೊಟ್ಟೇ ಆ ಪಂಥದ ಧರ್ಮೋಪದೇಶಕಿಯೆಂಬ ದೀಕ್ಷೆಯನ್ನೂ ಪಡೆದಳು. ಆಕೆಗೆ ವಿವಾಹವೇ ಆಗಿರಲಿಲ್ಲ; ಆದರೂ ಸತ್ತ ಗಂಡಂದಿರು ಊರೂರಿನಲ್ಲಿ ಆಕೆಯೊಡನೆ ಮಾತನಾಡಿದರು, ಸತ್ತ ಮಕ್ಕಳು ಅಮ್ಮಾ ಎಂದು ಕರೆದರು, ತಾವು ಸುಖವಾಗಿರುವೆವು, ಅಳಬೇಡವೆಂದರು. ಆಕೆ ಎದ್ದುಹೋದ ಕುರ್ಚಿಯ ಮೇಲೆ ಮುಂದೆ ಬಂದು ಕುಳಿತವಳು ನಿಜವಾಗಿ ಗಂಡನನ್ನು ಕಳೆದುಕೊಂಡವಳು. ಆಕೆಗೂ ಅದೇ ದನಿ, ಅವೇ ಮಾತುಗಳನ್ನು ಹೇಳಿತು.